ಬೆರಳನ್ನು ಅರಿಯುವ ಹಲಗೆ

ಕಮಲಾಪುರವೆಂದೊಡನೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಅಲ್ಲಿಯ ಕೆಂಪು ಬಾಳೆಹಣ್ಣು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಬಸ್ಸು ಹಿಡಿದರೆ ಸುಮಾರು ಒಂದು ಗಂಟೆಯ ಪ್ರಯಾಣ. ಹೋದ ವರ್ಷ ದಸರೆಯ ರಜೆ ಮುಗಿದ ಮೇಲೆ ಒಂದು ಶನಿವಾರ ಬೆಳಗ್ಗೆ ನಾನು ಅಲ್ಲಿಗೆ ಹೋದದ್ದು ಹಣ್ಣು ಕೊಳ್ಳುವುದಕ್ಕಲ್ಲ, ದೆವ್ವ ಬಿಡಿಸುವುದಕ್ಕೆ. ಅಲ್ಲಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುತ್ತಿರುವ ಗೆಳೆಯರೊಬ್ಬರು ಹಿಂದಿನ ರಾತ್ರಿ ಫೋನಿನಲ್ಲಿ ಹೇಳಿದ ಮಾತು ಇದು: "ನಮ್ಮ ಹೊಸ ಬೋರ್ಡಿಗಿ ದೆವ್ವ ಬಡದದರೀ ಸರ್. ನಾ ಇಲ್ಲಿ ಬರದ್ರ ಅದು ಅಲ್ಲಿ ಬರೀತದ. ಮುಂಜಾನಿ ಅಂತೂ ಯಾರೂ ಮುಟ್ಟದನೇ ತಾನೇ ಗೆರಿ ಎಳೀತದ. ಜರಾ ಬಂದು ನೋಡ್ರಿ."

ಹೋಗಿ ನೋಡಿದರೆ ಆ ಹಲಗೆ ಒಂಬತ್ತನೆಯ ತರಗತಿಯ ಗೋಡೆಯ ಮೇಲೆ ಹಳೆಯ ಹೂವಿನ ಚಾದರವೊಂದನ್ನು ಹೊದ್ದು ನಿಂತಿತ್ತು. ಮೂರು ತಿಂಗಳಿಂದ ಹಾಗೆಯೇ ಇದೆಯೆಂದು ಗೆಳೆಯರು ಸಂಕೋಚದಿಂದ ಒಪ್ಪಿಕೊಂಡರು. ಹಲಗೆ ಬಂದ ಹೊಸದರಲ್ಲಿ ಅವರು ಮಕ್ಕಳ ಮುಂದೆ ಭೂಮಿಯ ಕಕ್ಷೆಯನ್ನು ಬರೆಯಹೋಗಿದ್ದರು. ಸೂರ್ಯನ ಸುತ್ತ ಬರಬೇಕಾಗಿದ್ದ ಗೆರೆ ಅಂಗೈಯಗಲ ಪಕ್ಕಕ್ಕೆ ಸರಿದು ಸೂರ್ಯನನ್ನೇ ಸೀಳಿಕೊಂಡು ಹೋಯಿತು. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೂ ಅಂಥ ನಗೆಯನ್ನು ನುಂಗುವುದು ಸುಲಭವಲ್ಲ. ಮರುದಿನವೇ ಮನೆಯಿಂದ ಚಾದರ ಬಂದಿತು.

ನನಗೆ ನಗು ಬರಲಿಲ್ಲ, ನಗುವ ಅಧಿಕಾರವೂ ಇರಲಿಲ್ಲ. ಕಲಬುರಗಿ ನಗರದಲ್ಲಿ ನಾನು ಪಾಠ ಹೇಳುವ ಕಾಲೇಜಿಗೆ ಇಂಥ ಹಲಗೆ ಬಂದಾಗ ನನ್ನ ಗತಿಯೂ ಇದೇ ಆಗಿತ್ತು. ಕರೆಂಟು ಸರಿಯಿಲ್ಲವೆಂಬ ನೆಪ ಹೇಳಿ ಒಂದು ತಿಂಗಳು ನಾನು ಮತ್ತೆ ಖಡುವನ್ನೇ ಹಿಡಿದಿದ್ದೆ. (ನಮ್ಮ ಕಡೆ ಸೀಮೆಸುಣ್ಣಕ್ಕೆ ಖಡು ಎನ್ನುವುದು ವಾಡಿಕೆ.) ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವನಿಗೆ ಇದು ಹೇಳಿಕೊಳ್ಳುವಂಥ ಮಾತಲ್ಲ. ಹಲಗೆಯೊಡನೆ ಬಂದ ಕೈಪಿಡಿಯಲ್ಲಿ ಯಾವ ಗುಂಡಿಯನ್ನು ಒತ್ತಬೇಕೆಂಬುದು ಇತ್ತು. ಏಕೆ ಒತ್ತಬೇಕೆಂಬುದು ಇರಲಿಲ್ಲ. ಆ 'ಏಕೆ' ತಿಳಿದ ದಿನ ನನ್ನ ಹೆದರಿಕೆ ಹೋಯಿತು. ಈ ಬರಹವನ್ನು ಓದುತ್ತಿರುವ ವಿದ್ಯಾರ್ಥಿಗಳ ತರಗತಿಯಲ್ಲಿಯೂ ಚಾದರ ಹೊದ್ದ ಹಲಗೆಯೊಂದು ಇದ್ದರೆ, ಅದನ್ನು ಎಬ್ಬಿಸುವುದರಲ್ಲಿ ನೀವು ನಿಮ್ಮ ಉಪಾಧ್ಯಾಯರಿಗೆ ನೆರವಾಗಬಲ್ಲಿರಿ. ಅದಕ್ಕೆ ಬೇಕಾದ ಭೌತವಿಜ್ಞಾನವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿಯೇ ಇದೆ.

ಕಣ್ಣಿಲ್ಲದ ಕಾವಲುಗಾರ

ಇಂಗ್ಲಿಷಿನಲ್ಲಿ ಇಂಟರಾಕ್ಟಿವ್ ವೈಟ್‌ಬೋರ್ಡ್ ಎಂದು ಕರೆಯುವ ಈ ಉಪಕರಣವನ್ನು ನಾವು ಸಂವಾದಿ ಫಲಕವೆನ್ನಬಹುದು. ಜನರ ಬಾಯಲ್ಲಿ ಮಾತ್ರ ಇದು ಸ್ಮಾರ್ಟ್ ಬೋರ್ಡ್. ಅದು ವಾಸ್ತವವಾಗಿ ಕೆನಡಾ ದೇಶದ ಕ್ಯಾಲ್ಗರಿ ನಗರದ ಕಂಪನಿಯೊಂದು 1991ರಲ್ಲಿ ಮಾರುಕಟ್ಟೆಗೆ ತಂದ ಫಲಕದ ಅಂಕಿತನಾಮ. ವನಸ್ಪತಿಯೆಲ್ಲ ಡಾಲ್ಡಾ ಆದಂತೆ ಫಲಕಗಳೆಲ್ಲ ಸ್ಮಾರ್ಟ್ ಬೋರ್ಡ್ ಆದವು.

ನೋಡುವವರಿಗೆ ಇದು ಒಂದೇ ವಸ್ತುವೆಂದು ತೋರುತ್ತದೆ. ನಿಜವಾಗಿ ಇಲ್ಲಿ ಮೂವರು ಕೆಲಸಗಾರರಿದ್ದಾರೆ. ಕಂಪ್ಯೂಟರು ಚಿತ್ರವನ್ನು ಸಿದ್ಧಪಡಿಸುತ್ತದೆ. ಪ್ರೊಜೆಕ್ಟರು ಅದನ್ನು ಬಿಳಿಯ ಹಲಗೆಯ ಮೇಲೆ ಚೆಲ್ಲುತ್ತದೆ. ಹಲಗೆಯು ತನ್ನನ್ನು ಎಲ್ಲಿ ಮುಟ್ಟಿದರೆಂಬುದನ್ನು ಕಂಪ್ಯೂಟರಿಗೆ ತಿಳಿಸುತ್ತದೆ. ಇಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿಡಬೇಕಾದ ಸಂಗತಿಯೆಂದರೆ, ತನ್ನ ಮೇಲೆ ಬಿದ್ದಿರುವ ಚಿತ್ರ ಹಲಗೆಗೆ ಕಾಣುವುದಿಲ್ಲ. ಅದು ಕಣ್ಣಿಲ್ಲದ ಕಾವಲುಗಾರನಂತೆ. ಎಡಗಡೆಯಿಂದ ಇಷ್ಟು ದೂರ, ಕೆಳಗಡೆಯಿಂದ ಇಷ್ಟು ಎತ್ತರದಲ್ಲಿ ಯಾರೋ ಮುಟ್ಟಿದರು ಎಂದಷ್ಟೇ ಕೂಗಿ ಹೇಳಬಲ್ಲದು. ಮುಟ್ಟಿದ್ದು ಸೂರ್ಯನನ್ನೋ ಭೂಮಿಯನ್ನೋ ಎಂಬುದು ಅದಕ್ಕೆ ಗೊತ್ತಿಲ್ಲ.

ಮುಟ್ಟಿದ ಸ್ಥಳವನ್ನು ಹಲಗೆ ಕಂಡುಕೊಳ್ಳುವುದಾದರೂ ಹೇಗೆ? ಇದಕ್ಕೆ ಹಲವು ಉಪಾಯಗಳಿವೆ. ನಮ್ಮ ಕಾಲೇಜಿನ ಹಲಗೆಯಲ್ಲಿರುವ ಉಪಾಯ ನನಗೆ ಬಹಳ ಪ್ರಿಯವಾದುದು. ಅದರಲ್ಲಿ ತೆಳುವಾದ ಎರಡು ಹಾಳೆಗಳು ಒಂದರ ಮುಂದೊಂದು ಅತ್ಯಲ್ಪ ಅಂತರದಲ್ಲಿ ನಿಂತಿವೆ. ಎರಡರ ಒಳಮೈಗೂ ವಿದ್ಯುತ್ತನ್ನು ಹರಿಯಗೊಡುವ, ಆದರೆ ಅಷ್ಟು ಸುಲಭವಾಗಿ ಹರಿಯಗೊಡದ, ಲೇಪವೊಂದನ್ನು ಬಳಿದಿದೆ. ಒಂದು ಹಾಳೆಯ ಎಡ ಅಂಚಿಗೂ ಬಲ ಅಂಚಿಗೂ ನಡುವೆ 5 ವೋಲ್ಟ್ ವಿಭವಾಂತರವನ್ನು ಕೊಟ್ಟರೆ ಎಡ ಅಂಚಿನಲ್ಲಿ ಸೊನ್ನೆಯಿಂದ ಹೊರಟ ವಿಭವ ಸಮನಾಗಿ ಏರುತ್ತ ಬಲ ಅಂಚಿನಲ್ಲಿ 5 ಆಗುತ್ತದೆ. ಬೆರಳಿನಿಂದ ಒತ್ತಿದಾಗ ಆ ಬಿಂದುವಿನಲ್ಲಿ ಎರಡು ಹಾಳೆಗಳೂ ಕೂಡಿ, ಅಲ್ಲಿರುವ ವಿಭವ ಎರಡನೆಯ ಹಾಳೆಗೆ ದಾಟುತ್ತದೆ. ದಾಟಿದ್ದು 2 ವೋಲ್ಟ್ ಎಂದಿಟ್ಟುಕೊಳ್ಳಿರಿ. ಹಲಗೆಯ ಅಗಲ 160 ಸೆಂಟಿಮೀಟರಾದರೆ ಬೆರಳು ಎಡ ಅಂಚಿನಿಂದ ಅದರ ಐದರಲ್ಲಿ ಎರಡು ಪಾಲು, ಅಂದರೆ 64 ಸೆಂಟಿಮೀಟರ್ ದೂರದಲ್ಲಿದೆ. ಮರುಕ್ಷಣವೇ ವಿಭವಾಂತರವನ್ನು ಮೇಲಿನಿಂದ ಕೆಳಕ್ಕೆ ಕೊಟ್ಟು ಎತ್ತರವನ್ನೂ ಹೀಗೆಯೇ ಅಳೆಯುತ್ತಾರೆ. ಪದವಿಪೂರ್ವ ತರಗತಿಯ ಪ್ರಯೋಗಶಾಲೆಯಲ್ಲಿ ಪೊಟೆನ್ಷಿಯೋಮೀಟರಿನ ತಂತಿಯ ಮೇಲೆ ಜಾಕಿಯನ್ನು ಜಾರಿಸಿದವರಿಗೆ ಇದು ಹಳೆಯ ಪರಿಚಯವೇ ಅಲ್ಲವೆ? ತಂತಿಯೇ ಹಾಳೆಯಾಗಿದೆ, ನಿಮ್ಮ ಬೆರಳೇ ಜಾಕಿ. ಒಂದು ಸೆಕೆಂಡಿನಲ್ಲಿ ಹಲವಾರು ಬಾರಿ ಈ ಅಳತೆ ನಡೆಯುವುದರಿಂದ ಬಿಂದುಗಳೆಲ್ಲ ಕೂಡಿ ಗೆರೆಯಾಗಿ ಕಾಣುತ್ತದೆ.

ಬೇರೊಂದು ಬಗೆಯ ಹಲಗೆಯಲ್ಲಿ ಬೆರಳಿಗೆ ಬೆಲೆಯಿಲ್ಲ. ಹಲಗೆಯ ಹಿಂದೆ ತಂತಿಗಳ ಬಲೆಯಿರುತ್ತದೆ, ಲೇಖನಿಯೊಳಗೆ ಒಂದು ಸುರುಳಿಯಿರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯಿಂದ ಲೇಖನಿಯ ಸ್ಥಾನ ತಿಳಿಯುತ್ತದೆ. ಲೇಖನಿ ಕಳೆದರೆ ಹಲಗೆ ಬರಿಯ ಗೋಡೆ. ಇನ್ನೊಂದು ಬಗೆಯಲ್ಲಿ ಮೇಲಿನ ಎರಡು ಮೂಲೆಗಳಲ್ಲಿ ಕುಳಿತ ಸಣ್ಣ ಕ್ಯಾಮೆರಾಗಳು ಬೆರಳನ್ನು ಎರಡು ಕೋನಗಳಿಂದ ನೋಡುತ್ತವೆ. ಒಂದು ಭುಜವೂ ಅದರ ಎರಡು ತುದಿಗಳ ಕೋನಗಳೂ ತಿಳಿದರೆ ತ್ರಿಭುಜ ಪೂರ್ತಿಯಾಯಿತು. 1802ರಲ್ಲಿ ಮದರಾಸಿನ ಹತ್ತಿರ ಆಧಾರರೇಖೆಯನ್ನಳೆದು ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋಣ ಸಮೀಕ್ಷೆಯ ಗಣಿತವೇ ಇದು.

ಕಮಲಾಪುರದ ಹಲಗೆ ಈ ಮೂರೂ ಬಗೆಗಳಿಗೆ ಸೇರಿದ್ದಲ್ಲ. ಅದರ ಚೌಕಟ್ಟಿನ ಒಂದು ಬದಿಯಲ್ಲಿ ಅವಕೆಂಪು ಕಿರಣಗಳನ್ನು ಸೂಸುವ ಚಿಕ್ಕ ಚಿಕ್ಕ ಡಯೋಡುಗಳ ಸಾಲು, ಎದುರು ಬದಿಯಲ್ಲಿ ಆ ಕಿರಣಗಳನ್ನು ಹಿಡಿಯುವ ಗ್ರಾಹಕಗಳ ಸಾಲು; ಮೇಲೆ ಕೆಳಗೆ ಕೂಡ ಹಾಗೆಯೇ. ಹೀಗೆ ಹಲಗೆಯ ಮೈಗೆ ಒತ್ತಿಕೊಂಡು ಕಾಣದ ಕಿರಣಗಳ ಜಾಳಿಗೆಯೊಂದು ಹರಡಿರುತ್ತದೆ. ಬೆರಳು ಇಟ್ಟಾಗ ಒಂದು ಅಡ್ಡ ಕಿರಣವೂ ಒಂದು ನೆಟ್ಟನೆಯ ಕಿರಣವೂ ಕಡಿಯುತ್ತವೆ. ಎಲ್ಲಿ ಕಡಿದವೋ ಅಲ್ಲಿ ಬೆರಳಿದೆ. ಇದಕ್ಕೆ ಬೆರಳೇ ಬೇಕೆಂದಿಲ್ಲ, ಕಡ್ಡಿಯಾದರೂ ಸರಿ. ಗೋಡೆಯ ಹಲ್ಲಿ ಚೌಕಟ್ಟಿನೊಳಗೆ ಇಳಿದರೆ ಅದೂ ಲೇಖನಿಯೇ! ನಿಮ್ಮ ತರಗತಿಯ ಚೌಕಟ್ಟು ಈ ಬಗೆಯದೋ ಅಲ್ಲವೋ ಎಂದು ತಿಳಿಯಬೇಕಾದರೆ ಫೋನಿನ ಕ್ಯಾಮೆರಾವನ್ನು ಅದರ ಅಂಚಿಗೆ ಹಿಡಿದು ನೋಡಿರಿ. ಕಣ್ಣಿಗೆ ಕಾಣದ ಕಿರಣ ಅನೇಕ ಕ್ಯಾಮೆರಾಗಳಿಗೆ ಮಸುಕಾದ ನೇರಳೆ ಬೆಳಕಾಗಿ ಕಾಣುತ್ತದೆ. ಟೆಲಿವಿಷನ್ನಿನ ರಿಮೋಟಿನಲ್ಲಿ ಮೊದಲು ಪರೀಕ್ಷಿಸಿಕೊಂಡರೆ ನಿಮ್ಮ ಕ್ಯಾಮೆರಾಕ್ಕೆ ಈ ಶಕ್ತಿ ಇದೆಯೇ ಎಂಬುದು ಗೊತ್ತಾಗುತ್ತದೆ.

ಈಚೆಗೆ ದೊಡ್ಡ ಟೆಲಿವಿಷನ್ನಿನಂಥ ಫಲಕಗಳೂ ಬಂದಿವೆ. ಅವುಗಳಲ್ಲಿ ಚಿತ್ರವೂ ಸ್ಪರ್ಶವನ್ನರಿಯುವ ಚೌಕಟ್ಟೂ ಒಂದಕ್ಕೊಂದು ಅಂಟಿಕೊಂಡೇ ಇರುವುದರಿಂದ ನಾನು ಮುಂದೆ ಹೇಳಲಿರುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಅವುಗಳಿಗಿಲ್ಲ. ಆದರೆ ಪ್ರೊಜೆಕ್ಟರಿನ ಹಲಗೆ ಬಂದ ಶಾಲೆ ಅದರಿಂದಲೇ ಕೆಲಸ ತೆಗೆಯಬೇಕಷ್ಟೆ.

ಎರಡು ದೆವ್ವಗಳು

ಚಾದರ ತೆಗೆದು ಪ್ರೊಜೆಕ್ಟರನ್ನು ಹಚ್ಚಿದೆವು. ಮೊದಲನೆಯ ದೆವ್ವ ಕೂಡಲೆ ದರ್ಶನ ಕೊಟ್ಟಿತು: ಯಾರೂ ಹತ್ತಿರ ಸುಳಿಯದೆಯೇ ಬಲಗಡೆಯ ಅಂಚಿನಲ್ಲಿ ಪುಟ್ಟ ಪುಟ್ಟ ಗೆರೆಗಳು ಮೂಡತೊಡಗಿದವು. ಆಗ ಬೆಳಗಿನ ಎಂಟೂವರೆ ಗಂಟೆ. ತರಗತಿಯ ಕಿಟಕಿಗಳು ಪೂರ್ವಕ್ಕಿವೆ. ಓರೆಯಾದ ಎಳೆಬಿಸಿಲಿನ ಒಂದು ಪಟ್ಟಿ ಸರಿಯಾಗಿ ಚೌಕಟ್ಟಿನ ಬಲಬದಿಯ ಮೇಲೆ ಬಿದ್ದಿತ್ತು.

ಸೂರ್ಯನಿಂದ ನೆಲವನ್ನು ಮುಟ್ಟುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವಕೆಂಪು ಕಿರಣಗಳ ರೂಪದಲ್ಲಿದೆ. ಚಿಕ್ಕ ಡಯೋಡಿನ ಪಿಸುಮಾತನ್ನು ಕೇಳಲೆಂದು ಕುಳಿತ ಗ್ರಾಹಕದ ಕಿವಿಯಲ್ಲಿ ಸೂರ್ಯನೇ ಬಂದು ಡೋಲು ಬಾರಿಸಿದರೆ ಅದರ ಲೆಕ್ಕ ತಪ್ಪದೆ ಇರುವುದೆ? ಮುಟ್ಟಿದ್ದು ತಿಳಿಯದೆ ಹೋಗುತ್ತದೆ, ಮುಟ್ಟದ್ದು ಮುಟ್ಟಿದಂತಾಗುತ್ತದೆ. ಹಲಗೆಯನ್ನು ಮಾಡುವವರು ಇದಕ್ಕೆ ಕೆಲವು ಪ್ರತ್ಯುಪಾಯಗಳನ್ನು ಮಾಡಿರುತ್ತಾರೆ; ನೇರ ಬಿಸಿಲಿನ ಮುಂದೆ ಅವು ಸಾಲುವುದಿಲ್ಲ. ಗೆಳೆಯರು ಮಾತಾಡದೆ ಹೂವಿನ ಚಾದರವನ್ನು ಎತ್ತಿ ಕಿಟಕಿಗೆ ಕಟ್ಟಿದರು. ಗೆರೆಗಳು ನಿಂತವು. ಮಧ್ಯಾಹ್ನ ಈ ದೆವ್ವ ಏಕೆ ಬರುತ್ತಿರಲಿಲ್ಲವೆಂಬುದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಚಾದರದಿಂದ ಇನ್ನೊಂದು ಲಾಭವೂ ಆಯಿತು. ಪ್ರೊಜೆಕ್ಟರಿಗೆ ಕಪ್ಪು ಬಣ್ಣವನ್ನು ಚೆಲ್ಲುವ ಸಾಮರ್ಥ್ಯವಿಲ್ಲ. ಬೆಳಕನ್ನು ಚೆಲ್ಲದೆ ಬಿಟ್ಟ ಜಾಗವೇ ಅದರ ಕಪ್ಪು. ಹೀಗಾಗಿ ತರಗತಿಯ ಹಗಲು ಬೆಳಕು ಎಷ್ಟಿದೆಯೋ ಅದಕ್ಕಿಂತ ಕಪ್ಪಾದದ್ದು ಆ ಹಲಗೆಯ ಮೇಲೆ ಇರಲಾರದು. 3000 ಲೂಮೆನ್ ಪ್ರೊಜೆಕ್ಟರಿನ ಬೆಳಕು 160 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಎತ್ತರದ ಹಲಗೆಯ ಮೇಲೆ ಹರಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 1560 ಲೂಮೆನ್ ಆಯಿತು. ನೇರ ಬಿಸಿಲಿನಲ್ಲಿ ಇದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ಸ್ಪರ್ಧೆಯ ಮಾತೇ ಇಲ್ಲ. ಹಾಗೆಂದು ಸಿನೆಮಾ ಮಂದಿರದಂತೆ ಕೋಣೆಯನ್ನು ಕತ್ತಲು ಮಾಡಿದರೆ ಮಕ್ಕಳು ಟಿಪ್ಪಣಿ ಬರೆದುಕೊಳ್ಳುವುದು ಹೇಗೆ? ಹಲಗೆಯ ಪಕ್ಕದ ಕಿಟಕಿಯನ್ನಷ್ಟೆ ಮುಚ್ಚಿ, ಬಿಳಿಯ ಹಿನ್ನೆಲೆಯ ಮೇಲೆ ದಪ್ಪನಾದ ಕಪ್ಪು ಅಕ್ಷರಗಳಲ್ಲಿ ಬರೆದರೆ ಹಿಂದಿನ ಬೆಂಚಿನವರಿಗೂ ಕಾಣುತ್ತದೆ.

ಎರಡನೆಯ ದೆವ್ವವೇ ನಗೆಪಾಟಲು ಮಾಡಿದ್ದು. ಇಲ್ಲಿ ಬರೆದರೆ ಅಲ್ಲಿ ಮೂಡುವುದೇಕೆ? ಹಲಗೆಗೆ ಚಿತ್ರ ಕಾಣದೆಂದು ಆಗಲೇ ಹೇಳಿದೆನಷ್ಟೆ. ಹಲಗೆಯ ಅಳತೆ ಸೆಂಟಿಮೀಟರುಗಳಲ್ಲಿದ್ದಂತೆ, ಕಂಪ್ಯೂಟರಿನ ಅಳತೆ ಪಿಕ್ಸೆಲ್ ಎಂಬ ಚುಕ್ಕೆಗಳಲ್ಲಿ. ಅಡ್ಡಲಾಗಿ 1024, ನೆಟ್ಟನೆ 768 ಚುಕ್ಕೆಗಳೆಂದು ಇಟ್ಟುಕೊಳ್ಳೋಣ. ಹಲಗೆ ಹೇಳಿದ 64 ಸೆಂಟಿಮೀಟರು ಕಂಪ್ಯೂಟರಿನ ಎಷ್ಟನೆಯ ಚುಕ್ಕೆ? ಇದನ್ನು ಯಾರಾದರೂ ಒಮ್ಮೆ ಹೇಳಿಕೊಡಬೇಕು. ಈ ಪರಿಚಯ ಮಾಡಿಸುವ ಕ್ರಿಯೆಗೆ ಕ್ಯಾಲಿಬ್ರೇಷನ್ ಎನ್ನುತ್ತಾರೆ, ಹೊಂದಾಣಿಕೆಯೆಂದರೆ ಸಾಕು. ಕಂಪ್ಯೂಟರು ಹಲಗೆಯ ಮೇಲೆ ಒಂದೊಂದಾಗಿ ಕೂಡಿಕೆಯ ಗುರುತುಗಳನ್ನು ತೋರಿಸುತ್ತದೆ. ನಾವು ಒಂದೊಂದರ ನಟ್ಟನಡುವೆ ಮುಟ್ಟಬೇಕು. ಚಿತ್ರ ಅಂಚುಗಳಿಗೆ ಸಮಾನಾಂತರವಾಗಿದ್ದರೆ ಎದುರುಬದುರಿನ ಎರಡು ಮೂಲೆಗಳೇ ಸಾಕಾಗುತ್ತಿದ್ದವು. ಪ್ರೊಜೆಕ್ಟರು ಓರೆಯಾಗಿರುವುದರಿಂದ ಆಯತ ಹೋಗಿ ಚತುರ್ಭುಜವಾಗಿರುತ್ತದೆ; ಅದಕ್ಕೆ ಕೊನೆಯ ಪಕ್ಷ ನಾಲ್ಕು ಗುರುತು ಬೇಕು. ಕೆಲವು ಹಲಗೆಗಳು ಒಂಬತ್ತು ಕೇಳುತ್ತವೆ, ಕೆಲವು ಇನ್ನೂ ಹೆಚ್ಚು.

ಹೀಗೆ ಒಮ್ಮೆ ಕಲಿಸಿದ ಪಾಠ ಪ್ರೊಜೆಕ್ಟರು ಕದಲದಿರುವವರೆಗೆ ಮಾತ್ರ ಸತ್ಯ. ಅದು ಹಲಗೆಯಿಂದ ಮೂರು ಮೀಟರ್ ದೂರದಲ್ಲಿದ್ದು ಅರ್ಧ ಡಿಗ್ರಿ ತಿರುಗಿತೆನ್ನಿರಿ. ಆಕಾಶದಲ್ಲಿ ಪೂರ್ಣಚಂದ್ರನ ಬಿಂಬದ ಅಗಲ ಅಷ್ಟೇ. ಚಿತ್ರ ಹಲಗೆಯ ಮೇಲೆ 26 ಮಿಲಿಮೀಟರ್ ಸರಿದುಹೋಗುತ್ತದೆ. ಎರಡು ಡಿಗ್ರಿ ತಿರುಗಿದರೆ ಹತ್ತು ಸೆಂಟಿಮೀಟರು, ಗೆಳೆಯರು ಹೇಳಿದ ಅಂಗೈಯಗಲ! ಹಲಗೆಗೆ ಇದರ ಸುದ್ದಿಯೇ ಇಲ್ಲ. ಅದು ಹಳೆಯ ಪಾಠವನ್ನೇ ಒಪ್ಪಿಸುತ್ತಿರುತ್ತದೆ.

ಆ ಶಾಲೆಯಲ್ಲಿ ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟಿದ್ದರು. ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಚಿದ ರಟ್ಟು. ದಿನವೂ ಸಂಜೆ ಕಸ ಗುಡಿಸುವಾಗ ಮೇಜನ್ನು ಎತ್ತಿಟ್ಟು ಮತ್ತೆ ಇಡುತ್ತಾರೆ. ಇದಕ್ಕಿಂತ ಹೆಚ್ಚಿನ ದೆವ್ವ ಯಾವುದು ಬೇಕು? ರಟ್ಟಿನ ಜಾಗದಲ್ಲಿ ಮರದ ತುಂಡನ್ನು ಮೊಳೆ ಹೊಡೆದು ಕೂರಿಸಿ, ನಾಲ್ಕು ಕಾಲುಗಳ ಸುತ್ತ ಶಹಾಬಾದ್ ಕಲ್ಲಿನ ನೆಲದ ಮೇಲೆ ಬಣ್ಣದಿಂದ ಗೆರೆ ಎಳೆದೆವು. ಹೊಂದಾಣಿಕೆ ಮಾಡುವ ಕೆಲಸವನ್ನು ಒಂಬತ್ತನೆಯ ತರಗತಿಯ ಇಬ್ಬರು ಹುಡುಗರಿಗೆ ವಹಿಸಲಾಯಿತು. ದಿನಕ್ಕೆ ಒಂದು ನಿಮಿಷದ ಕೆಲಸ. ಗೆರೆ ಈಗ ಬೆರಳಿನ ತುದಿಯಲ್ಲಿಯೇ ಮೂಡುತ್ತದೆ.

ಕಲಬುರಗಿಯ ಬೇಸಿಗೆಯನ್ನು ಬಲ್ಲವರಿಗೆ ಇನ್ನೊಂದು ಎಚ್ಚರಿಕೆಯನ್ನು ಹೇಳಬೇಕು. ಬಹುತೇಕ ಪ್ರೊಜೆಕ್ಟರುಗಳ ಕೈಪಿಡಿಗಳಲ್ಲಿ ಸುತ್ತಣ ಉಷ್ಣತೆ 35ರಿಂದ 40 ಡಿಗ್ರಿಯನ್ನು ಮೀರಬಾರದೆಂದಿರುತ್ತದೆ. ನಮ್ಮಲ್ಲಿ ಏಪ್ರಿಲ್ ತಿಂಗಳಲ್ಲಿ ನೆರಳಿನಲ್ಲೇ ಅದನ್ನು ಮೀರುತ್ತದೆ. ಬೆಳಗಿನ ಪಾಠಕ್ಕೆ ಮಾತ್ರ ಅದನ್ನು ಬಳಸಿ, ಗಾಳಿಯ ಜಾಲರಿಯ ಧೂಳನ್ನು ತಿಂಗಳಿಗೊಮ್ಮೆ ಒರೆಸಬೇಕು. ದೀಪ ಆರಿದ ಮೇಲೂ ಅದರೊಳಗಿನ ಪಂಖ ಸ್ವಲ್ಪ ಹೊತ್ತು ತಿರುಗಿ ದೀಪವನ್ನು ತಣಿಸುವುದುಂಟು. ಆ ಮೊದಲೇ ಪ್ಲಗ್ಗನ್ನು ಕೀಳಬಾರದು. ಕರೆಂಟು ಹೋಗುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆಂದೇ ಹಳೆಯ ಕರಿಹಲಗೆಯನ್ನು ಕಿತ್ತುಹಾಕಬೇಡಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಸೂತ್ರದ ನಿಷ್ಪತ್ತಿಗೆ, ಲೆಕ್ಕಕ್ಕೆ ಅದಕ್ಕಿಂತ ಉತ್ತಮವಾದ ಸಾಧನವನ್ನು ನಾನಿನ್ನೂ ಕಂಡಿಲ್ಲ.

ಲೇಖನಿ ಯಾರ ಕೈಯಲ್ಲಿ?

ದೆವ್ವಗಳೆರಡೂ ಹೋದ ಉತ್ಸಾಹದಲ್ಲಿ ಗೆಳೆಯರು ಗ್ರಹಗಳ ಚಲನೆಯನ್ನು ಕುರಿತ ಚಿತ್ರವೊಂದನ್ನು ಹಾಕಿದರು. ಬಹಳ ಸುಂದರವಾದ ಚಿತ್ರ. ಮಕ್ಕಳು ಮೈಮರೆತು ನೋಡಿದರು. ಅರ್ಧ ಗಂಟೆಯ ಮೇಲೆ ನಾನು, "ಚಂದ್ರ ಭೂಮಿಯ ಮೇಲೆ ಬೀಳುವುದಿಲ್ಲವೇಕೆ?" ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಹಲಗೆಯ ಗೆರೆ ಸರಿಯಾಯಿತು, ಆದರೆ ಪಾಠ ಮೊದಲಿದ್ದಲ್ಲಿಯೇ ಇತ್ತು.

ತರಗತಿಗೆ ಚಿತ್ರ ಬರುವುದು ನಮ್ಮ ಜಿಲ್ಲೆಗೆ ಹೊಸ ಸಂಗತಿಯೇನಲ್ಲ. 1975ನೆಯ ಆಗಸ್ಟ್ 1ರಿಂದ 1976ನೆಯ ಜುಲೈ 31ರ ವರೆಗೆ ಸೈಟ್ ಎಂಬ ಹೆಸರಿನ ದೊಡ್ಡ ಪ್ರಯೋಗವೊಂದು ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೆಲಿವಿಷನ್ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಸುಮಾರು 36,000 ಕಿಲೊಮೀಟರ್ ಎತ್ತರದಿಂದ ಬಂದ ಅಲೆಗಳನ್ನು ಮೂರು ಮೀಟರ್ ಅಗಲದ ತಂತಿಬಲೆಯ ಬಟ್ಟಲು ಹಿಡಿಯುತ್ತಿತ್ತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿಯೇ ಪ್ರಸಾರ ಕೇಂದ್ರವೊಂದು ಆರಂಭವಾಯಿತು. ಬೆಂಗಳೂರಿಗೆ ಟೆಲಿವಿಷನ್ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 1981ರಲ್ಲಿ! ಎಲ್ಲದರಲ್ಲಿಯೂ ಹಿಂದೆಂದು ಹೇಳಿಸಿಕೊಳ್ಳುವ ನಮ್ಮ ಕಡೆಯವರಿಗೆ ಇದೊಂದು ಹೆಮ್ಮೆಯ ಮಾತು, ನಾನಂತೂ ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತಿರುತ್ತೇನೆ.

ನನ್ನ ಸೋದರಮಾವ ಆಗ ಹತ್ತು ವರ್ಷದ ಹುಡುಗ. ಆ ಟೆಲಿವಿಷನ್ನಿನ ಮುಂದೆ ನೆಲದ ಮೇಲೆ ಕುಳಿತದ್ದನ್ನು ಈಗಲೂ ನೆನೆಯುತ್ತಾರೆ. "ಭಾಳ ಛಂದ ಇರ್ತಿತ್ತು. ಆದ್ರ ತಿಳೀಲಿಲ್ಲಂದ್ರ ಅದಕ್ಕೇನು ಕೇಳಾಕ ಬರ್ತಿತ್ತೇನು?" ಎನ್ನುತ್ತಾರೆ. ಅಂದಿನ ಯಂತ್ರದ ಸ್ವಭಾವವೇ ಹಾಗಿತ್ತು. ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಬರುತ್ತಿತ್ತು. ಸಂವಾದಿ ಫಲಕದಲ್ಲಿ ಮರುಮಾತಿಗೆ ಅವಕಾಶವಿದೆ. ಅದರ ಹೆಚ್ಚುಗಾರಿಕೆ ಇರುವುದು ಇದೊಂದರಲ್ಲಿಯೇ. ಲೇಖನಿಯನ್ನು ಉಪಾಧ್ಯಾಯನೇ ಹಿಡಿದು ನಿಂತರೆ ಅಷ್ಟು ಹಣ ಸುರಿದು 1975ರ ಟೆಲಿವಿಷನ್ನನ್ನು ಮತ್ತೆ ಕೊಂಡುತಂದಂತೆ ಆಯಿತು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಸಿದ್ಧವಾದ ಚಿತ್ರ ಯಾವುದನ್ನೂ ಒಯ್ಯಲಿಲ್ಲ. ಶಾಲೆಯ ಅಂಗಳದಲ್ಲಿ ಗೋಡೆಗೆ ಒಂದು ಮೀಟರ್ ಪಟ್ಟಿಯನ್ನು ನಿಲ್ಲಿಸಿ, ರಬ್ಬರಿನ ಚೆಂಡೊಂದನ್ನು ನಾನೇ ಕೈಯಿಂದ ಬಿಟ್ಟೆ. ಹುಡುಗನೊಬ್ಬ ಎರಡು ಮೀಟರ್ ದೂರದಿಂದ ಫೋನಿನಲ್ಲಿ ಅದರ ಚಿತ್ರ ತೆಗೆದ. ಅಂಗಳದಲ್ಲಿ ತೆಗೆದದ್ದಕ್ಕೆ ಕಾರಣವಿದೆ. ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುವುದರಿಂದ ಚೆಂಡು ಬಾಲವಿರುವ ಮಸುಕಿನಂತೆ ಬೀಳುತ್ತದೆ.

ಫೋನು ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುತ್ತದೆ. ಮೂರು ಚಿತ್ರಗಳಿಗೊಮ್ಮೆ ನಿಲ್ಲಿಸಿದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೊಮ್ಮೆ ಚೆಂಡು ಎಲ್ಲಿತ್ತೆಂಬುದು ತಿಳಿಯುತ್ತದೆ. ಚಿತ್ರವನ್ನು ಹಲಗೆಯ ಮೇಲೆ ನಿಲ್ಲಿಸಿ, ಒಬ್ಬೊಬ್ಬರನ್ನಾಗಿ ಕರೆದು ಚೆಂಡಿನ ತಳಕ್ಕೆ ಚುಕ್ಕೆ ಇಡಲು ಹೇಳಿದೆವು. ಮುಂದಿನ ಚಿತ್ರಕ್ಕೆ ಹೋದರೂ ಇಟ್ಟ ಚುಕ್ಕೆಗಳು ಅಳಿಯುವುದಿಲ್ಲ. ಕರಿಹಲಗೆಯಿಂದ ಆಗದ, ಟೆಲಿವಿಷನ್ನಿನಿಂದಲೂ ಆಗದ ಕೆಲಸ ಇದೇ. ಐದು ಚುಕ್ಕೆಗಳಾದವು. ಚಿತ್ರದಲ್ಲಿ ಕಾಣುವ ಪಟ್ಟಿಯನ್ನೇ ಅಳತೆಗೋಲಾಗಿ ಹಿಡಿದು ಚುಕ್ಕೆಗಳ ನಡುವಿನ ಅಂತರಗಳನ್ನು ಓದಿದಾಗ ಬಂದದ್ದು ಸುಮಾರು 5.4, 16.2, 27.0, 37.7 ಸೆಂಟಿಮೀಟರ್. ಮೊದಲನೆಯದರಿಂದ ಉಳಿದವನ್ನು ಭಾಗಿಸಿದರೆ 1, 3, 5, 7! 1638ರಲ್ಲಿ ಗೆಲಿಲಿಯೋ ತನ್ನ ಗ್ರಂಥದಲ್ಲಿ ಪ್ರಕಟಿಸಿದ ಬೆಸಸಂಖ್ಯೆಗಳ ನಿಯಮ ಕಮಲಾಪುರದ ಗೋಡೆಯ ಮೇಲೆ ಕಂಡಿತು. ನಾನು ಹಿಗ್ಗಿದೆ.

ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಒಂದೊಂದು ಅಂತರವೂ ಹಿಂದಿನದಕ್ಕಿಂತ ಎಷ್ಟು ಹೆಚ್ಚೆಂದು ನೋಡಿದರೆ ಸುಮಾರು 10.8 ಸೆಂಟಿಮೀಟರ್. ಇದನ್ನು ಕಾಲಾಂತರದ ವರ್ಗದಿಂದ, ಅಂದರೆ 0.01ರಿಂದ ಭಾಗಿಸಿದರೆ ಗುರುತ್ವದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 10.8 ಮೀಟರ್ ಆಯಿತು. ನಮ್ಮ ಅಕ್ಷಾಂಶದಲ್ಲಿ ಅದು 9.78 ಇರಬೇಕು. ನೂರಕ್ಕೆ ಹತ್ತು ತಪ್ಪು! ಚುಕ್ಕೆಗಳನ್ನು ಅಳಿಸಿ ಮತ್ತೊಮ್ಮೆ ಬೇರೆಯವರಿಂದ ಇಡಿಸಿದೆ, ಮತ್ತೆ ಅದೇ. ಹಲಗೆಯ ಹೊಂದಾಣಿಕೆ ತಪ್ಪಿದೆಯೆಂದು ಹೇಳಿ ಜಾರಿಕೊಳ್ಳಬಹುದಾಗಿತ್ತು. ಆ ಮಾತು ನನ್ನ ನಾಲಗೆಯ ತುದಿಗೂ ಬಂದಿತ್ತು. ಹೊಂದಾಣಿಕೆ ಮಾಡಿದ ಹುಡುಗರಿಬ್ಬರು ಮೊದಲನೆಯ ಬೆಂಚಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಕೊನೆಗೆ, "ಎಲ್ಲಿ ತಪ್ಪಿದೆಯೋ ನನಗೂ ತಿಳಿಯದು" ಎಂದುಬಿಟ್ಟೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆಯ ಬೆಂಚಿನಿಂದ ಒಂದು ಸಣ್ಣ ದನಿ ಬಂದಿತು. "ಸರ್, ಪಟ್ಟಿ ಗ್ವಾಡಿಗಿ ಅದರಿ. ಚೆಂಡು ಮುಂದ ಬಿದ್ದದ." ಆ ಹುಡುಗಿ ವರ್ಷವೆಲ್ಲ ತರಗತಿಯಲ್ಲಿ ತಾನಾಗಿ ಬಾಯಿ ತೆರೆದದ್ದಿಲ್ಲವೆಂದು ಗೆಳೆಯರು ಆಮೇಲೆ ಹೇಳಿದರು. ಬಂದು ತೋರಿಸು ಎಂದೆ. ಬಂದವಳು ಲೇಖನಿಯನ್ನು ತೆಗೆದುಕೊಂಡು ನಿಂತ ಚಿತ್ರದ ಮೇಲೆಯೇ ಮೇಲಿನಿಂದ ನೋಡಿದಂತೆ ನಕ್ಷೆ ಬರೆದಳು: ಇಲ್ಲಿ ಫೋನು, ಇಲ್ಲಿ ಚೆಂಡು, ಅದರ ಹಿಂದೆ ಗೇಣುದ್ದ ಬಿಟ್ಟು ಗೋಡೆ. ಫೋನಿನಿಂದ ಹೊರಟ ಎರಡು ಗೆರೆಗಳು ಚೆಂಡಿನ ಪಕ್ಕದಲ್ಲಿ ಹಾದು ಗೋಡೆಯಲ್ಲಿ ಇನ್ನಷ್ಟು ಅಗಲವಾಗಿ ನಿಂತವು. ಸಮರೂಪ ತ್ರಿಭುಜಗಳು! ಚೆಂಡು ಬಿದ್ದದ್ದು ಫೋನಿನಿಂದ 2 ಮೀಟರ್ ದೂರದಲ್ಲಿ, ಪಟ್ಟಿಯಿದ್ದದ್ದು 2.2 ಮೀಟರ್ ದೂರದಲ್ಲಿ. ದೂರದ ಪಟ್ಟಿ ಚಿಕ್ಕದಾಗಿ ಕಂಡು, ಅದರಿಂದ ಅಳೆದ ಚೆಂಡಿನ ದಾರಿ 2.2ನ್ನು 2ರಿಂದ ಭಾಗಿಸಿದಷ್ಟು, ಅಂದರೆ ನೂರಕ್ಕೆ ಹತ್ತರಷ್ಟು ಹಿಗ್ಗಿ ಕಂಡಿತ್ತು. ಬೆಸಸಂಖ್ಯೆಗಳ ಅನುಪಾತ ಮಾತ್ರ ಕೆಡಲಿಲ್ಲ, ಏಕೆಂದರೆ ಎಲ್ಲ ಅಂತರಗಳೂ ಒಂದೇ ಸಮನಾಗಿ ಹಿಗ್ಗಿದ್ದವು.

ಆ ಪುಟವನ್ನು ಅಳಿಸದೆ ಹಾಗೆಯೇ ಉಳಿಸಿಟ್ಟಿದ್ದೇವೆ. ಹತ್ತನೆಯ ತರಗತಿಯಲ್ಲಿ ಸಮರೂಪ ತ್ರಿಭುಜಗಳ ಪಾಠ ಬಂದಾಗ ತೆರೆಯಬೇಕೆಂದು ಗಣಿತದ ಉಪಾಧ್ಯಾಯರು ಕೇಳಿಕೊಂಡಿದ್ದಾರೆ. ಈ ಹಲಗೆಗಳ ತಂತ್ರಾಂಶದಲ್ಲಿ ಹತ್ತಾರು ಸಾಧನಗಳಿರುತ್ತವೆ: ಬಣ್ಣಬಣ್ಣದ ಪರದೆ, ಗಡಿಯಾರ, ಚಪ್ಪಾಳೆಯ ಸದ್ದು. ಹೊಸದಾಗಿ ಆರಂಭಿಸುವವರು ಮೊದಲ ಒಂದು ತಿಂಗಳು ಅವುಗಳ ಗೊಡವೆಗೆ ಹೋಗದೆ ಬರೆಯುವುದು, ಅಳಿಸುವುದು, ಪುಟ ಉಳಿಸುವುದು ಈ ಮೂರರಿಂದಲೇ ಕೆಲಸ ಸಾಗಿಸಬಹುದು. ನಮಗಂತೂ ಅಷ್ಟೇ ಸಾಕಾಯಿತು.

ಮಧ್ಯಾಹ್ನ ಪಟ್ಟಿಯನ್ನು ಗೋಡೆಯಿಂದ ತಂದು ಚೆಂಡು ಬೀಳುವ ಸ್ಥಳದ ಪಕ್ಕದಲ್ಲಿಯೇ ನಿಲ್ಲಿಸಿ ಮತ್ತೆ ಚಿತ್ರ ತೆಗೆದೆವು. ಈ ಬಾರಿ 9.6 ಬಂದಿತು. ಇಷ್ಟು ಬಂದರೆ ಸಾಕೆಂದು ನಾನು ಬಸ್ಸಿಗೆ ಹೊರಟೆ. ಮಕ್ಕಳಿಗೆ ಸಾಕಾಗಲಿಲ್ಲ. ಫೋನು ಸೆಕೆಂಡಿಗೆ ಸರಿಯಾಗಿ 30 ಚಿತ್ರಗಳನ್ನೇ ತೆಗೆಯುತ್ತದೆಂದು ನಂಬುವುದು ಹೇಗೆ ಎಂದು ಹೊಂದಾಣಿಕೆಯ ಹುಡುಗರಲ್ಲೊಬ್ಬ ಕೇಳಿದನಂತೆ. ಒಳ್ಳೆಯ ಪ್ರಶ್ನೆ. ಕಾಲದ ವರ್ಗದಿಂದ ಭಾಗಿಸುವುದರಿಂದ ಅಲ್ಲಿ ನೂರಕ್ಕೆ ಒಂದು ತಪ್ಪಿದ್ದರೆ ಉತ್ತರದಲ್ಲಿ ನೂರಕ್ಕೆ ಎರಡು ತಪ್ಪಾಗುತ್ತದೆ, 9.78ಕ್ಕೂ 9.6ಕ್ಕೂ ಇರುವ ಅಂತರ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಫೋನಿನ ನಿಲುಗಡಿಯಾರವನ್ನು ಹತ್ತು ಸೆಕೆಂಡು ಚಿತ್ರ ತೆಗೆದು, ಹಲಗೆಯ ಮೇಲೆ ಒಂದೊಂದೇ ಚಿತ್ರವನ್ನು ಎಣಿಸಬೇಕೆಂದು ಅವರು ಗೊತ್ತುಮಾಡಿಕೊಂಡರು. 300 ಬರಬೇಕು; 303 ಬಂದರೆ ತಪ್ಪು ಸಿಕ್ಕಿದಂತೆ. ಮೊನ್ನೆ ಗೆಳೆಯರು ಫೋನು ಮಾಡಿದ್ದರು. ಎಣಿಕೆ 180ಕ್ಕೆ ಬಂದಾಗ ಕರೆಂಟು ಹೋಯಿತಂತೆ. ಸೋಮವಾರ ಮೊದಲಿನಿಂದ ಎಣಿಸುತ್ತಾರೆ.